ಗ್ರೂಪಿನ ಅಕ್ಕ

ಹೊಲಿಗೆ ಮೆಷಿನ್ ಮಾರುವ, ರಿಪೇರಿಯನ್ನೂ ಮಾಡುವ ಅಂಗಡಿ. ಗುಂಡಿಗೆ ಕಾಜಾ ಹಾಕುವ ಹುಡುಗಿ ಟೈಲರಮ್ಮನ ಕೆಟ್ಟ ಪೆಡಲನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಗೆ ಕೂತಿದ್ದಳು. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು. ಅಕ್ಕನ ಕಾಲ ಬಳಿ ಮೋಟಾರು ಸುಟ್ಟ ಮೆಷಿನ್ನು. ಹುಡುಗಿ ತಲೆ ಎತ್ತಲಿಲ್ಲ, ಕಿವಿ ಮಾತ್ರ ಅತ್ತಲೇ ಇತ್ತು.

"ಮೋಟಾರು ಸುಟ್ಟಿದ್ದನ್ನ ಕಂಪನಿಯ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ಯಲ್ಲ, ಏನಂದ್ರು?" ತಂಗಿ ಕೇಳಿದಳು.

"ನನ್ನನ್ನೇ ತೆಗೆದುಹಾಕಿದ್ರು ಕಣೇ."

"ಅಡ್ಮಿನ್ ಆಗಿದ್ದ ನಿನ್ನನ್ನೇ?"

"ದೂರು ಹಾಕಿದವರನ್ನ ತೆಗೀಬೇಕು ಅಂತ ನಿಯಮ ಮಾಡಿದ್ದು ನಾನೇ ಅಲ್ವಾ."

"ತಾನು ತೋಡಿದ ಹಳ್ಳಕ್ಕೆ ತಾನೇ ಬೀಳೋದು ಅಂದ್ರೆ ಇದೇ ನೋಡು."

"ಹಿಂದೆ ಯಾರೋ ಒಬ್ಬಳು ಮೋಟಾರು ಸುಟ್ಟಿತು ಅಂತ ಅತ್ತಾಗ, ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಬರೆದಿದ್ದೆ. ಗ್ರೂಪಲ್ಲಿ ನಾನು ಕಲಿಸಿದ ಹುಡುಗಿಯರು ಅದನ್ನೇ ನಂಗೆ ಬರೆದ್ರು."

"ನೀನು ಹಗಲೂ ರಾತ್ರಿ ಕಂಪನಿ ಪರ ಜಗಳ ಆಡ್ದೆ. ಅವರು ಕೊಟ್ಟಿದ್ದೇನು? ಒಂದು ಕತ್ತರಿ!"

"ಅಷ್ಟು ಜನ ಬಾಯ್ತುಂಬ ಅಕ್ಕಾ ಅಂತಿದ್ರು. ಮನೇಲಿ ನನ್ನ ಮಾತು ಯಾರು ಕೇಳ್ತಾರೆ, ಹೇಳು?"



"ಹೋಗ್ಲಿ ಬಿಡು. ಬೇರೆ ಕಂಪನೀದು ತಗೊಳ್ಳೋಣ."

"ಇವರದ್ದೇ ಹೊಸದು ತಗೊಂಡ್ರೆ ಮತ್ತೆ ಗ್ರೂಪಿಗೆ ಸೇರಿಸ್ಕೊತಾರೆ."

"ಅಯ್ಯೋ ನಿನ್ನ! ಅದೂ ಸುಟ್ಟರೆ?"

"ಸುಟ್ಟರೆ ಬಾಯಿ ಮುಚ್ಕೊಂಡಿರ್ತೀನಿ."

ಅಂಗಡಿಯವನು ಕರೆದ. ಅಕ್ಕ ಸೆರಗು ಸರಿಮಾಡಿಕೊಂಡು, ಹೊಸ ಮೆಷಿನ್ನುಗಳನ್ನು ಜೋಡಿಸಿಟ್ಟ ಕಡೆಗೆ ನಡೆದಳು. ತಂಗಿ ಗೊಣಗುತ್ತಲೇ ಹಿಂದೆ ಹೋದಳು. ಸುಟ್ಟ ಮೆಷಿನ್ನು ತನ್ನ ವಾಸನೆಯ ಸಮೇತ ಹುಡುಗಿಯ ಪಕ್ಕದಲ್ಲೇ ಉಳಿಯಿತು.