ಎಡಗೈಗೆ ಎಟುಕುವ ಲೈಟು

ಹಿರಿಯೂರಿನಿಂದ ಮಾರಿಕಣಿವೆಗೆ ಹೊರಟ ಬಸ್ಸಿನಲ್ಲಿ ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತ ಕೂತಿದ್ದ ಚಿತ್ರಲಿಂಗಪ್ಪನ ಕಿವಿಗೆ ಮುಂದಿನ ಸೀಟಿನ ಗಂಡಹೆಂಡಿರ ಮಾತು ಬಿತ್ತು. ಗಂಡ ಪ್ರಭು ಅಣೆಕಟ್ಟಿನ ತಳದ ತೂಬು ನೋಡಲು ಅಂದು ಮೊದಲ ಸಲ ನೀರಿನಲ್ಲಿ ಮುಳುಗುವವನಿದ್ದ. ಮುಳುಗುವಾಗ ತೊಡುವ ಜಾಕೀಟು ಅವನ ತೊಡೆಯ ಮೇಲಿತ್ತು.

“ಕೈಯಾಗಿನ ದೊಡ್ಡ ಲೈಟು ಆರೋದ್ರೆ?” ಎಂದಳು ಹೆಂಡತಿ ಮಂಗಳಾ.

“ಅದಕ್ಕೇ ಜಾಕೀಟಿನ ಸೊಂಟದ ಬಲಗಡೆ ಸಣ್ಣದೊಂದು ಸಿಕ್ಕಿಸೀನಿ ಕಣೆ.”

“ಇಷ್ಟು ಸಣ್ಣದ್ರಾಗೆ ಏನ್ ಕಾಣ್ತೈತೆ?”

“ಮೇಲೆ ಬರೋ ದಾರಿ ಕಂಡ್ರೆ ಸಾಕು.”

“ಬಲಗೈಲಿ ಹಗ್ಗ ಹಿಡ್ದಿರ್ತೀರಿ. ಎಡಗೈಗೆ ಎಟುಕ್ತೈತಾ? ಜಾಕೀಟು ಹಾಕ್ಕೊಂಡು ನೋಡ್ರಿ.”

“ಬಸ್ಸಲ್ಲಾ? ಜನ ನಗ್ತಾರೆ.”

“ನಗ್ಲಿ ಬಿಡ್ರಿ.”

ಅವನು ತೊಟ್ಟುಕೊಂಡು ಕೈ ಚಾಚಿದ. ಎಟುಕಲಿಲ್ಲ. ಅವಳು ಆ ಲೈಟನ್ನು ಬಿಚ್ಚಿ ಎದೆಯ ಪಟ್ಟಿಗೆ ಸಿಕ್ಕಿಸಿದಳು.

“ಈಗ ಕಣ್ಣು ಮುಚ್ಕೊಂಡು ಹುಡುಕ್ರಿ.”

ಅವನ ಎಡಗೈ ಎದೆಯ ಮೇಲೆ ತಡವಿ ನಿಂತಿತು.

“ಸಿಕ್ತಾ?”

“ನಿನ್ ಕೈ ಸಿಕ್ತು. ಲೈಟು ಅದರಡಿಗೈತೆ. ಹೆದ್ರಿಕೆನಾ?”

“ಹೂಂ. ನೀವು ಮೇಲೆ ಬರಾಗಂಟ ದಡದಾಗೇ ಕುಂತಿರ್ತೀನಿ.”

“ಕುಂತಿರು. ನಂಗೂ ಧೈರ್ಯ.”

ಅಣೆಕಟ್ಟಿನ ಸ್ಟಾಪು ಬಂತೆಂದು ಕಂಡಕ್ಟರ್ ಸೀಟಿ ಊದಿದ. ಅವಳೇ ಮೊದಲು ಕೈ ತೆಗೆದು, ಎದ್ದು, ಅವನಿಗೆ ದಾರಿ ಬಿಟ್ಟಳು.