ಆರದ ಅಚ್ಚು

ಆ ದಿನ ಮಧ್ಯಾಹ್ನ ಎರಡಕ್ಕೇ ಮಳೆ ಹಿಡಿಯಿತು, ಮೂರಕ್ಕೆ ಕರೆಂಟು ಹೋಯಿತು. ಜುಲೈ ತಿಂಗಳಲ್ಲಿ ನಮ್ಮ ಕ್ವಾವ್ತ್ಲಾ ಊರಿನ ಕಡೆ ಇದು ಹೊಸದೇನಲ್ಲ. ಆದರೆ ಫ್ಯಾನು ನಿಂತರೆ ಅಚ್ಚಿಗೆ ಸುರಿದ ರಬ್ಬರ್ ಹಾಲು ಒಣಗುವುದಿಲ್ಲ, ಒಣಗದೆ ಮುಖವಾಡ ಬಿಡಿಸುವಂತಿಲ್ಲ, ಬಿಡಿಸದೆ ಬಣ್ಣ ಹಚ್ಚುವಂತಿಲ್ಲ. ಮುಖವಾಡದ ಕಾರ್ಖಾನೆಯಲ್ಲಿದ್ದ ನಾವು ನಾಲ್ಕೈದು ಜನ ಗ್ಯಾಸ್ ಒಲೆಯ ಸುತ್ತ ಕೂತು ಜೋಳದ ಅತೋಲೆ ಗಂಜಿ ಕಾಯಿಸಿಕೊಂಡು ಕುಡಿಯುತ್ತಿದ್ದೆವು. ಸುತ್ತ ಕಪಾಟುಗಳಲ್ಲಿ ತೋಳ, ಪಿಶಾಚಿ, ಹಲ್ಲಿಮೋರೆಗಳ ಅಚ್ಚುಗಳು ಎರಡೆರಡು ಹೋಳಾಗಿ ಮಲಗಿದ್ದವು.

ಮುರಿದ ಅಚ್ಚುಗಳನ್ನು ರಿಪೇರಿ ಮಾಡುವ ಹೆರ್ಮೆಲಿಂದಾ ಅಜ್ಜಿಯೂ ಅಂದು ನಮ್ಮ ಜೊತೆ ಕೂತಿದ್ದರು. ಎಪ್ಪತ್ತನಾಲ್ಕು ವರ್ಷ, ನಾಲಿಗೆ ಮಾತ್ರ ಚೂಪು. ಬಣ್ಣ ಹಚ್ಚುವ ನಿಕಾನೋರ್ ಸುಮ್ಮನಿರಲಾರದೆ ಕೆಣಕಿದ. ಇಷ್ಟು ಭೂತಗಳ ನಡುವೆ ಇಷ್ಟು ವರ್ಷ ಕಳೆದಿದ್ದೀರಲ್ಲ, ಒಂದಾದರೂ ಮಾತಾಡಿಸಿತೋ, ಇಲ್ಲ ನಿಮ್ಮ ಬಾಯಿಗೆ ಹೆದರಿ ಅವೂ ಸುಮ್ಮನಿವೆಯೋ ಎಂದ. ಅಜ್ಜಿ ಲೋಟ ಕೆಳಗಿಟ್ಟರು.

"ನಿನ್ನ ಬಣ್ಣ ನೋಡಿದ್ರೆ ಭೂತಕ್ಕೂ ಮಾತು ನಿಂತ್ಹೋಗುತ್ತೆ ಕಣೋ. ಭೂತದ್ದು ಬಿಡು, ಮನುಷ್ಯರ ವಿಷಯ ಹೇಳ್ತೀನಿ, ಕೇಳಿ ಎಲ್ರೂ.

"ನಾನು ಇಲ್ಲಿಗೆ ಬಂದಾಗ ಮೂವತ್ತೊಂದು. ಗಂಡ ಗಡಿ ದಾಟಿ ಉತ್ತರಕ್ಕೆ ಹೋಗಿ ಏಳು ವರ್ಷ ಆಗಿತ್ತು. ಮೊದಲನೇ ವರ್ಷ ಮೂರು ಕಾಗದ ಬಂತು, ಆಮೇಲೆ... ಏನಿಲ್ಲ. ಆಗ ಇಲ್ಲಿ ಮಣ್ಣಲ್ಲಿ ಮೋರೆ ತಿದ್ದುತ್ತಿದ್ದೋರು ಎವಾರಿಸ್ತೊ ಮೇಸ್ತ್ರಿ. ಅವರ ಹೆಂಡ್ತಿ ಒಫೇಲಿಯಾ, ನಾನು ಬರೋ ಹೊತ್ತಿಗೆ ತೀರ್ಕೊಂಡು ವರ್ಷ ಆಗಿತ್ತು. ಆಕೆ ಬದುಕಿದ್ದಾಗ ಮೇಸ್ತ್ರಿ ನಾವಾಲ್ ಮುಖವಾಡ ಮಾಡಿದ್ರಲ್ಲ, ಮನುಷ್ಯ ನಾಯಿಯಾಗ್ತಾನಲ್ಲ, ಅದೇ ಮೋರೆ... ಆಗ ಆಕೆ ಎದುರಿಗೆ ಸ್ಟೂಲ್ ಮೇಲೆ ಕೂತು ಮೂಗು ಸುಕ್ಕು ಮಾಡಿ ಹಲ್ಲು ಕಿರೀತಿದ್ಲಂತೆ, ಇವರು ನೋಡ್ತಾ ನೋಡ್ತಾ ಮಣ್ಣಲ್ಲಿ ಅದನ್ನೇ ತಿದ್ದುತ್ತಿದ್ರಂತೆ. ಗುರ್ ಅನ್ನೋಕೆ ಹೋಗಿ ನಗು ತಡೀಲಾರದೆ ಕೆನ್ನೆ ಉಬ್ಬಿತಲ್ಲ, ಆ ಗಳಿಗೆ ಹಂಗೇ ಬಂದ್ಬಿಡ್ತು. ಅಚ್ಚು ತೆಗೆದ್ಮೇಲೆ ಮಣ್ಣು ಉಳಿಯುತ್ತಾ? ಕಿತ್ತು ಬಕೆಟ್ಟಿಗೆ ಹಾಕ್ತೀವಿ. ರಬ್ಬರ್ ಮೋರೆ ನಾಲ್ಕು ವರ್ಷಕ್ಕೆ ಅಂಟಂಟಾಗಿ ಹರಿದುಹೋಗುತ್ತೆ. ಆಕೇದು ಇದ್ದಿದ್ದು ಒಂದೇ ಫೋಟೋ, ಮದುವೇದು, ಅದರಲ್ಲೂ ಗಂಟುಮೋರೆ. ನಗು ಉಳಿದಿದ್ದು ಆ ಪ್ಲಾಸ್ಟರ್ ಒಳಗೆ ಮಾತ್ರ.

"ಒಂದಿನ ಆ ಅಚ್ಚಿನ ಕೆನ್ನೆ ಒಡೆದು ಅಂಗೈಯಗಲ ಚಕ್ಕೆ ಬಿತ್ತು. ನಾನು ರಿಪೇರಿಗೆ ಕೂತೆ. ಗೊತ್ತಲ್ಲ, ಹಳೇ ಪ್ಲಾಸ್ಟರಿಗೆ ಮೊದಲು ಹೊಟ್ಟೆ ತುಂಬ ನೀರು ಕುಡಿಸ್ಬೇಕು, ಇಲ್ದಿದ್ರೆ ಹೊಸದರ ನೀರೆಲ್ಲ ಹೀರ್ಕೊಂಡು ತೇಪೆ ಉದುರಿಹೋಗುತ್ತೆ. ನೆನೆಸಿ, ಕೆರೆದು, ತೇಪೆ ತುಂಬಿದೆ. ಗಟ್ಟಿಯಾಗ್ತಾ ಅದು ಬಿಸಿಯಾಗುತ್ತೆ ತಾನೆ? ಮೇಸ್ತ್ರಿ ಗಟ್ಟಿಯಾಯ್ತಾ ಅಂತ ನೋಡೋಕೆ ಕೈಯಿಟ್ರು... ಇಟ್ಟ ಕೈ ತೆಗೀಲಿಲ್ಲ. ಅರ್ಧ ಗಂಟೆ, ಪೂರ್ತಿ ತಣ್ಣಗಾಗೋ ತನಕ, ಹಂಗೇ ನಿಂತಿದ್ರು. ಆಮೇಲೆ ಟೋಪಿ ಹಾಕ್ಕೊಂಡು ಮನೆಗೆ ಹೋದ್ರು.

"ಮುಂದಿನ ಶನಿವಾರ ಅದೇ ಕೆನ್ನೆ ಮತ್ತೆ ಒಡೀತು. ಅದರ ಮುಂದಿನ ಶನಿವಾರಾನೂ. ಹೆರ್ಮೆಲಿಂದಾ ಕಟ್ಟಿದ್ದು ಭಾನುವಾರದ ಪೂಜೆ ತನಕಾನೂ ನಿಲ್ಲಲ್ಲ ಅಂತ ಎಲ್ರೂ ಆಡ್ಕೊಂಡ್ರು. ನನಗೆ ನಾಚಿಕೆ, ಸಿಟ್ಟು. ದೀಪ ಹಿಡಿದು ನೋಡಿದ್ರೆ ಬಿರುಕಿನ ಅಂಚಲ್ಲಿ ಉಳಿ ಏಟು. ಯಾರದು ಅಂತ ಕೇಳ್ಬೇಕಾ? ಆ ಬೆಂಚಿನ ಹತ್ರ ಬರ್ತಿದ್ದೋರು ಒಬ್ರೇ.

"ಕೇಳೇಬಿಟ್ಟೆ. ಅವರು ತಲೆ ತಗ್ಗಿಸಿ, 'ಅರ್ಧ ಗಂಟೆ ಬಿಸಿ ಇರುತ್ತಲ್ಲಮ್ಮ, ಅವಳ ಕೆನ್ನೆ ಇದ್ದ ಹಂಗೇ ಇರುತ್ತೆ' ಅಂದ್ರು. ಅದಕ್ಕೆ ಏನು ಹೇಳ್ತೀರಿ? ಆದ್ರೂ ಹೇಳ್ದೆ: ಮೇಸ್ತ್ರಿ, ಪ್ರತಿ ತೇಪೆಗೂ ಆಕೆ ಸ್ವಲ್ಪ ಅಳಿಸಿಹೋಗ್ತಾಳೆ, ನನ್ನ ಕೈಗುರುತು ಉಳಿಯುತ್ತೆ, ಇನ್ನೆರಡು ಸಲ ಒಡೆದ್ರೆ ನೀವು ಸವರ್ತಾ ಇರೋದು ನನ್ನ ಕೆಲಸ, ಒಫೇಲಿಯಾನಲ್ಲ. ಅವರ ಮುಖ ಬಿಳಿಚಿಹೋಯ್ತು. ಅವತ್ತಿಂದ ಮುಟ್ಟಲಿಲ್ಲ.

"ಮಳೆಗಾಲ ಬಂತು. ಇಂಥದ್ದೇ ಒಂದು ಮಧ್ಯಾಹ್ನ ಅಚ್ಚನ್ನ ಎದೆಗವಚಿಕೊಂಡು ಬಂದ್ರು, ಕೆನ್ನೆ ಮತ್ತೆ ಒಡೆದಿತ್ತು. 'ತಡಕೊಳ್ಳೋಕಾಗ್ಲಿಲ್ಲ ಹೆರ್ಮೆಲಿಂದಾ, ಇದೇ ಕೊನೆ' ಅಂದ್ರು. ನೆನೆಯೋಕೆ ಹೊತ್ತು ಬೇಕು, ನಾಳೆ ಬನ್ನಿ ಅಂತ ಕಳಿಸ್ದೆ. ಸಂಜೆ ತೇಪೆ ಹಾಕ್ದೆ. ಬಿಸಿಯಾಯ್ತು. ಅರ್ಧ ಗಂಟೆ ಆಯ್ತು, ಒಂದು ಗಂಟೆ ಆಯ್ತು... ಆರ್ಲೇ ಇಲ್ಲ. ಮನೆಗೆ ಹೊತ್ಕೊಂಡು ಹೋದೆ. ಬೆಳಗ್ಗೆ ಎದ್ದು ನೋಡ್ತೀನಿ, ಆಗ ತಾನೇ ನಿದ್ದೆಯಿಂದ ಎದ್ದ ಹೆಂಗಸಿನ ಕೆನ್ನೆ ಹಂಗೆ ಬೆಚ್ಚಗಿದೆ.

"ಈಗ ನನ್ನ ತಪ್ಪು ಕೇಳಿ. ಆ ಮನೇಲಿ ಏಳೆಂಟು ವರ್ಷದಿಂದ ರೇಡಿಯೋ ಬಿಟ್ರೆ ಇನ್ನೊಂದು ದನಿ ಇರ್ಲಿಲ್ಲ. ನಾನು ಮುಟ್ಟಿದ್ದು ಪ್ಲಾಸ್ಟರ್, ನನ್ನ ಮುಟ್ಟಿದೋರು ಯಾರೂ ಇಲ್ಲ. ಆ ರಾತ್ರಿ ಆ ಕೆನ್ನೆಗೆ ಕೆನ್ನೆ ಕೊಟ್ಟು ಮಲಗಿದ್ದೆ, ಯಾಕೆ ಸುಳ್ಳು ಹೇಳ್ಲಿ? ಮಾರನೇ ದಿನ ಮಳೇಲೇ ಮೇಸ್ತ್ರಿ ಇದೇ ಕಾರ್ಖಾನೆ ಬಾಗಿಲಿಗೆ ಬಂದ್ರು. ಟೋಪಿಯಿಂದ ನೀರು ಸುರೀತಿತ್ತು, ಹೊಸ್ತಿಲು ದಾಟ್ಲಿಲ್ಲ. 'ಸರಿಯಾಯ್ತಾ ಹೆರ್ಮೆಲಿಂದಾ?' ಅಂದ್ರು. ಪುಡಿಪುಡಿಯಾಯ್ತು ಮೇಸ್ತ್ರಿ, ಎಸೆದ್ಬಿಟ್ಟೆ ಅಂದೆ.

"ಬೈಲಿಲ್ಲ, ಅಳ್ಲಿಲ್ಲ. ಮಳೆ ನಿಲ್ಲೋ ತನಕ ಬಾಗಿಲ ಹತ್ರಾನೇ ನಿಂತಿದ್ದು ಹೋದ್ರು. ಎಂಟು ದಿನಕ್ಕೆ ತೀರ್ಕೊಂಡ್ರು. ಡಾಕ್ಟ್ರು ಎದೆನೋವು ಅಂದ್ರು. ನನಗೆ ಗೊತ್ತು."

ಅಜ್ಜಿ ಎದ್ದು ತಮ್ಮ ಬೆಂಚಿನ ಕೆಳಗಿನಿಂದ ಗೋಣಿಯಲ್ಲಿ ಸುತ್ತಿದ ಒಂದು ಹೋಳು ತಂದು ನಿಕಾನೋರನ ತೊಡೆಯ ಮೇಲಿಟ್ಟರು. ಒಳಗೆ ನಾಯಿಮೋರೆಯ ಗುಳಿ, ಒಂದು ಕೆನ್ನೆಯ ಮೇಲೆ ಬೆಳ್ಳಗಿನ ತೇಪೆ. ಅವನು ಅದರ ಮೇಲೆ ಅಂಗೈ ಇಟ್ಟ. ನಮ್ಮೆಲ್ಲರ ಮುಖ ಒಮ್ಮೆ ನೋಡಿದ. ಇಟ್ಟ ಕೈ ತೆಗೆಯಲಿಲ್ಲ.

"ಆ ತೇಪೆ ಹಾಕಿ ನಲವತ್ತೆರಡು ವರ್ಷ ಆಯ್ತು," ಎಂದರು ಅಜ್ಜಿ. "ಕೊಡು ಇಲ್ಲಿ, ಸಾಕು... ಮಳೆ ಜೋರಾದ ದಿನ ಮೇಸ್ತ್ರಿ ಈಗಲೂ ಬರ್ತಾರೆ. ಅದೇ ಟೋಪಿ, ಅದೇ ಮಾತು. ನಾನೂ ಪ್ರತಿ ಸಲ ಎಸೆದ್ಬಿಟ್ಟೆ ಅಂತಾನೇ ಹೇಳ್ಕೊಂಡು ಬಂದೆ. ನಿಜ ಹೇಳಿದ್ರೆ ತಗೊಂಡು ಹೋಗ್ಬಿಡ್ತಾರಲ್ಲ, ಆಮೇಲೆ ನನಗೆ ಯಾರಿದ್ದಾರೆ? ಈ ವರ್ಷ ಆಗ್ತಿಲ್ಲ ಮಕ್ಕಳಾ, ಅವರ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನಾಲಿಗೆ ಏಳ್ತಿಲ್ಲ. ಇವತ್ತು ನಿಮ್ಮಲ್ಲಿ ಯಾರಾದ್ರೂ ನನ್ನ ಬದಲು ಆ ಸುಳ್ಳು ಹೇಳಿಬಿಡಿ. ಹೆದರಬೇಡಿ, ಒಂದೇ ಸಲ ಕೇಳ್ತಾರೆ. ಅಗೋ, ಆಗಲಿಂದ ಬಾಗಿಲಲ್ಲೇ ನಿಂತಿದ್ದಾರೆ, ನಾನು ಹೇಳಿ ಮುಗಿಸ್ಲಿ ಅಂತ."