ಮಗ್ಗುಲು ಬದಲಾಯಿಸದ ಬೆಕ್ಕು

ಅಲೆಕ್ಸಾಂಡ್ರಿಯಾದ ಎದೆರೋಗದ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಅಕ್ಕ ತಮ್ಮ ಜಗಳಕ್ಕೆ ಬಿದ್ದಿದ್ದರು. ಆಕೆಯ ತೊಡೆಯ ಮೇಲೆ ಆರೇಳು ವರ್ಷದ ಮಗಳು ಮಾಸ್ಕ್ ಹಾಕಿಕೊಂಡೇ ನಿದ್ದೆ ಹೋಗಿದ್ದಳು.

“ಕ್ಷಯದ ಮಾತ್ರೆ ನುಂಗೋ ವಿಡಿಯೋನ, ನುಂಗಿದ್ದಕ್ಕೆ ಸಾಕ್ಷಿ ಅಂತ, ನರ್ಸಮ್ಮನಿಗೆ ದಿನಾ ಕಳಿಸ್ತಿದ್ದೆ ತಾನೆ, ಶುಕ್ರಿ?”

“ಒಂದು ದಿನಾನೂ ತಪ್ಪಿಸಿಲ್ಲ ಅಕ್ಕ.”

“ಹೌದಪ್ಪ, ದಿನಾ ಬೇರೆ ಬೇರೆ ಅಂಗಿ. ಆದ್ರೆ ನಿನ್ನ ಹಿಂದೆ ಕಿಟಕೀಲಿ ಮಲಗಿರೋ ಬೆಕ್ಕು ಮಾತ್ರ ಇಡೀ ರಂಜಾನ್ ತಿಂಗಳು ಮಗ್ಗುಲೇ ಬದಲಾಯಿಸಿಲ್ಲ!”

ಅವನು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ.

“ಎಲ್ಲಾ ಒಂದೇ ದಿನ ತೆಗೆದಿಟ್ಕೊಂಡ್ಯಾ? ಅಂಗಿ ಬದಲಾಯಿಸೋದು, ಮಾತ್ರೆ ಬಾಯಿಗೆ ಹಾಕೋದು, ಉಗುಳೋದು?”

“ಉಪವಾಸ ಅಕ್ಕ. ಹಗಲು ನುಂಗೋ ಹಾಗಿಲ್ಲ. ಉಂಡ ಮೇಲೆ ನುಂಗಿದ್ರೆ ವಾಂತಿ. ಕೆಮ್ಮೂ ನಿಂತಿತ್ತು.”

“ನಿಂತಿತ್ತಾ? ತಿಂಗಳು ಕಳೀತಿದ್ದ ಹಾಗೆ ಮತ್ತೆ ಶುರುವಾಯ್ತಲ್ಲ! ಈ ಮಗು ನಿನ್ನ ಮಗ್ಗುಲಲ್ಲೇ ಮಲಗ್ತಿತ್ತಲ್ಲೋ ಪಾಪಿ!”

“ಕಿರುಚ್ಬೇಡ. ಮಗೂಗೆ ಇದ್ಯಾ ಇಲ್ವಾ ಅಂತ ಹೊಸ ಮಷೀನು ಎರಡು ಗಂಟೇಲಿ ಹೇಳುತ್ತೆ. ಇದ್ರೂ ಆರು ತಿಂಗಳ ಮಾತ್ರೆ, ಅಷ್ಟೆ.”

“ನೀನು ಉಗುಳಿದ್ಯಲ್ಲ, ಅದೇ ಮಾತ್ರೆ ತಾನೆ?”

ನರ್ಸ್ ಚೀಟಿ ಹಿಡಿದು ಬಂದಳು.

“ಬಸ್ಮಾಳ ತಾಯಿ ಯಾರಮ್ಮ? ಮಗೂಗೆ ಕ್ಷಯ ಇದೆ. ಮಾತ್ರೆ ಮಧ್ಯೆ ಬಿಟ್ಟೋರಿಂದ ಹರಡೋ ಥರದ್ದು, ಮಾಮೂಲಿ ಮಾತ್ರೆಗೆ ಬಗ್ಗೋದಲ್ಲ ಅಂತ ಮಷೀನು ತೋರಿಸ್ತಿದೆ. ಡಾಕ್ಟರ್ ಕರೀತಿದ್ದಾರೆ, ಬನ್ನಿ.”

ಆಕೆ ಅಳಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಏಳೋ. ಇನ್ಮೇಲೆ ಇವಳು ನುಂಗೋ ವಿಡಿಯೋ ನೀನೇ ತೆಗೀಬೇಕು. ಇವಳ ಮುಖ ನೋಡ್ಕೊಂಡು, ದಿನಕ್ಕೊಂದೇ.”